ಧ್ವನಿಸಂಕೋಚನದ ಇತಿಹಾಸದಲ್ಲಿ ಬೆಂಗಳೂರಿನ ಪಾಲು: ಮನೆಯಲ್ಲಿ ರಚಿಸಿದ ಕಂಪ್ಯೂಟರ್ ಆಟಗಳ ನಿಮಿತ್ತ ಒಂದು ವಿವೇಚನೆ

೧. ವಿಷಯ ಪ್ರವೇಶ

ಕಂಪ್ಯೂಟರ್ ಆಟವೆಂದೊಡನೆ ನಮ್ಮ ಗಮನವು ಚಿತ್ರದ ಕಡೆಗೆ ಹರಿಯುತ್ತದೆಯೇ ಹೊರತು ಧ್ವನಿಯ ಕಡೆಗಲ್ಲ. ಆದರೆ ಮನೆಯಲ್ಲಿಯೇ ಕುಳಿತು ಒಂದು ಸಣ್ಣ ಆಟವನ್ನು ರಚಿಸಲು ಹೊರಟವನಿಗೆ ಧ್ವನಿಯು ಚಿತ್ರಕ್ಕಿಂತ ಕಡಮೆ ತೊಡಕನ್ನೇನೂ ಕೊಡುವುದಿಲ್ಲ. ಚಿತ್ರವನ್ನು ನಾಲ್ಕಾರು ಬಣ್ಣಗಳ ಸಣ್ಣ ಚೌಕಗಳಲ್ಲಿ ಬರೆದು ಮಿತಗೊಳಿಸಬಹುದು. ಧ್ವನಿಯಾದರೋ ಕಾಲದೊಡನೆ ಹರಿಯುವ ವಸ್ತುವಾದುದರಿಂದ ಪ್ರತಿ ಕ್ಷಣವೂ ಹೊಸ ಸ್ಥಳವನ್ನು ಬೇಡುತ್ತದೆ. ಈ ಬೇಡಿಕೆಯನ್ನು ತಗ್ಗಿಸುವ ಉಪಾಯಗಳಿಗೆ ಒಟ್ಟಾಗಿ ಧ್ವನಿಸಂಕೋಚನವೆಂದು ಹೆಸರು.

ಪ್ರಸ್ತುತ ಪ್ರಬಂಧದಲ್ಲಿ ಧ್ವನಿಸಂಕೋಚನದ ಮೂರು ಮುಖ್ಯ ಮಾರ್ಗಗಳು ಹೇಗೆ ಹುಟ್ಟಿ ಹೇಗೆ ಆಟಗಳನ್ನು ಸೇರಿದುವೆಂಬುದನ್ನು ಕ್ರಮವಾಗಿ ನಿರೂಪಿಸಿ, ಆ ಮೂರರಲ್ಲಿಯೂ ೧೯೫೦ ಮತ್ತು ೧೯೬೦ರ ದಶಕಗಳಲ್ಲಿ ಬೆಂಗಳೂರಿನಲ್ಲಿ ಕಲಿತ ಅಥವಾ ಕಲಿಸಿದ ಒಬ್ಬೊಬ್ಬರ ಪರಿಶ್ರಮವಿರುವುದನ್ನು ತೋರಿಸಿ, ಬೆಂಗಳೂರಿನ ಆ ಪಾಲಿಗೆ ನಿಜವಾದ ಅಳತೆ ಎಷ್ಟೆಂಬುದನ್ನು ವಿವೇಚಿಸಲಾಗುವುದು. ನಾವು ದಿನವೂ ಬಳಸುವ ವಿದ್ಯೆಯೊಂದರ ಮೂಲದಲ್ಲಿ ನಮ್ಮ ವಿದ್ಯಾಸಂಸ್ಥೆಗಳ ಹೆಸರಿದ್ದೂ ಅದು ನಮ್ಮ ವಿದ್ಯಾರ್ಥಿಗಳಿಗೆ ತಿಳಿಯದೆ ಹೋದರೆ ಅದೊಂದು ನಷ್ಟ. ತಿಳಿದ ಮೇಲೆ ಇರುವುದಕ್ಕಿಂತ ಹೆಚ್ಚು ಹಕ್ಕನ್ನು ಸಾಧಿಸಹೊರಟರೆ ಅದು ಮತ್ತೊಂದು ನಷ್ಟ.

ವಿವೇಚನೆಗೆ ಒಂದು ಆಧಾರವಿರಲೆಂದು, ಹೊಸನಗರದ ಕಾಲೇಜು ವಿದ್ಯಾರ್ಥಿಯೊಬ್ಬನು ಬಿದನೂರಿನ ಕೋಟೆಯನ್ನು ಕುರಿತು ಮನೆಯಲ್ಲಿ ಒಂದು ಆಟವನ್ನು ರಚಿಸುತ್ತಿದ್ದಾನೆಂದು ಭಾವಿಸೋಣ. ಕೆಳದಿಯ ಅರಸರ ರಾಜಧಾನಿಯಾಗಿದ್ದು ೧೭೬೩ರಲ್ಲಿ ಹೈದರಾಲಿಯ ವಶವಾದ ಈ ಸ್ಥಳವು ಈಗ ನಗರವೆಂಬ ಹೆಸರಿನಿಂದ ಹೊಸನಗರ ತಾಲ್ಲೂಕಿನಲ್ಲಿದೆ. ಆಟಕ್ಕೆ ನಾಲ್ಕು ಧ್ವನಿಗಳು ಬೇಕು: ಆಷಾಢದ ಮಳೆ, ಚಂಡೆಯ ಪೆಟ್ಟು, ಕೋಟೆಯ ಬಾಗಿಲು ತೆರೆಯುವ ಕಿರುಗುಟ್ಟು, ಕಾವಲುಗಾರನ ಒಂದು ಮಾತು. ಸಿ.ಡಿ.ಯ ಕ್ರಮದಲ್ಲಿ ಒಂದು ಸೆಕೆಂಡಿನ ಧ್ವನಿಯನ್ನು ೪೪,೧೦೦ ಬಾರಿ ಅಳೆದು, ಒಂದೊಂದು ಅಳತೆಯನ್ನೂ ೧೬ ಬಿಟ್‌ಗಳಲ್ಲಿ ಬರೆದಿಡುತ್ತಾರೆ. ಒಂದೇ ಕಿವಿಗೆ ಸಾಕಾಗುವಷ್ಟು ಧ್ವನಿಯೆಂದು ಹಿಡಿದರೂ ಸೆಕೆಂಡಿಗೆ ೮೮,೨೦೦ ಬೈಟ್‌ಗಳಾದುವು; ಒಂದು ನಿಮಿಷದ ಮಳೆಗೆ ಐವತ್ತು ಲಕ್ಷಕ್ಕೂ ಮೀರಿದ ಬೈಟ್‌ಗಳು. ೧೯೮೫ರಲ್ಲಿ ಜಪಾನಿನಿಂದ ಹೊರಬಂದ ಸೂಪರ್ ಮಾರಿಯೊ ಬ್ರದರ್ಸ್ ಎಂಬ ಪ್ರಸಿದ್ಧ ಆಟವು ಚಿತ್ರ, ಸಂಗೀತ, ನಿಯಮಗಳೆಲ್ಲವೂ ಸೇರಿ ೪೦ ಕಿಲೋಬೈಟ್‌ಗಳಲ್ಲಿ ಅಡಗಿತ್ತು. ಎಂದರೆ ನಮ್ಮ ವಿದ್ಯಾರ್ಥಿಯು ದಾಖಲಿಸಿದ ಒಂದು ಸೆಕೆಂಡಿನ ಮಳೆಯು ಆ ಇಡೀ ಆಟದ ಎರಡರಷ್ಟು ಸ್ಥಳವನ್ನು ಬೇಡುತ್ತದೆ. ಇಂದಿನ ಯಂತ್ರಗಳಲ್ಲಿ ಸ್ಥಳಕ್ಕೆ ಬರವಿಲ್ಲವೆಂಬುದು ನಿಜ. ಆದರೂ ಮಲೆನಾಡಿನ ಹಳ್ಳಿಗಳಲ್ಲಿ ದುರ್ಬಲವಾದ ಮೊಬೈಲ್ ಸಂಪರ್ಕದ ಮೂಲಕ ಆಟವನ್ನು ಇಳಿಸಿಕೊಳ್ಳಬೇಕಾದವನಿಗೆ ಈ ಲೆಕ್ಕವು ಈಗಲೂ ಲೆಕ್ಕವೇ.

೨. ವ್ಯತ್ಯಾಸದ ಮಾರ್ಗ

ಧ್ವನಿಯನ್ನು ಅಳೆದು ಅಂಕಿಗಳಾಗಿ ಬರೆಯುವ ಕ್ರಮವು ಹುಟ್ಟಿದುದು ಆಟಕ್ಕಾಗಿ ಅಲ್ಲ, ದೂರವಾಣಿಗಾಗಿ. ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಯಂತ್ರಶಾಸ್ತ್ರಜ್ಞನು ಪ್ಯಾರಿಸ್ಸಿನಲ್ಲಿ ಕೆಲಸಮಾಡುತ್ತಿದ್ದಾಗ ಇದನ್ನು ಕಲ್ಪಿಸಿ ೧೯೩೮ರಲ್ಲಿ ಫ್ರಾನ್ಸಿನ ಪೇಟೆಂಟನ್ನು ಪಡೆದನು. ಮುಂದೆ ದೂರವಾಣಿಯಲ್ಲಿ ಸೆಕೆಂಡಿಗೆ ೮,೦೦೦ ಅಳತೆ, ಅಳತೆಗೆ ೮ ಬಿಟ್, ಒಟ್ಟು ೬೪,೦೦೦ ಬಿಟ್ ಎಂಬ ಪ್ರಮಾಣವು ರೂಢಿಗೆ ಬಂದಿತು. ಒಂದೇ ತಂತಿಯಲ್ಲಿ ಹೆಚ್ಚು ಮಂದಿಯ ಮಾತನ್ನು ಸಾಗಿಸಬೇಕೆಂಬ ಆಸೆಯಿಂದ ಈ ಪ್ರಮಾಣವನ್ನು ಇಳಿಸುವ ಪ್ರಯತ್ನಗಳು ನಡೆದುವು. ಧ್ವನಿಯ ಒಂದು ಅಳತೆಗೂ ಅದರ ಹಿಂದಿನ ಅಳತೆಗೂ ಇರುವ ಅಂತರವು ಸಾಮಾನ್ಯವಾಗಿ ಅಲ್ಪ. ಆದುದರಿಂದ ಪೂರ್ಣ ಅಳತೆಯನ್ನು ಬರೆಯದೆ ಅಂತರವನ್ನಷ್ಟೇ ಬರೆದರೆ ಸಾಕೆಂಬುದು ಅಮೆರಿಕೆಯ ಬೆಲ್ ಪ್ರಯೋಗಾಲಯದ ಚಾಪಿನ್ ಕಟ್ಲರನ ವಿಚಾರ. ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯ ಡಿ ಯಾಗರ್ ೧೯೫೨ರಲ್ಲಿ ಇದರ ಅತ್ಯಂತ ಸರಳ ರೂಪವನ್ನು ವಿವರಿಸಿದನು: ಪ್ರತಿ ಅಳತೆಗೆ ಒಂದೇ ಒಂದು ಬಿಟ್, ಅದು ಹೇಳುವುದು 'ಮೇಲಕ್ಕೆ' ಅಥವಾ 'ಕೆಳಕ್ಕೆ' ಎಂದಷ್ಟೆ.

ಈ ಸರಳ ರೂಪವೇ ಮೂವತ್ತು ವರ್ಷಗಳ ಅನಂತರ ಮಕ್ಕಳ ಕೈಗೆ ಬಂದಿತು. ೧೯೮೩ರಲ್ಲಿ ನಿಂಟೆಂಡೊ ಸಂಸ್ಥೆಯು ಮಾರಾಟಕ್ಕಿಟ್ಟ ಫ್ಯಾಮಿಕಾಂ ಯಂತ್ರದ ಧ್ವನಿವಿಭಾಗದಲ್ಲಿ ದಾಖಲಿಸಿದ ಧ್ವನಿಗೆಂದು ಮೀಸಲಾದ ದಾರಿಯು ಒಂದು ಬಿಟ್ಟಿನ ಈ ವಿಧಾನದಲ್ಲಿಯೇ ನಡೆಯುತ್ತಿತ್ತು. ಅತ್ಯುತ್ತಮ ಗುಣದಲ್ಲಿಯೂ ಸೆಕೆಂಡಿಗೆ ಸುಮಾರು ೪ ಕಿಲೋಬೈಟ್‌ಗಳು ಸಾಕಾಗುತ್ತಿದ್ದುವು.

ಆದರೆ ಈ ವಿಧಾನಕ್ಕೆ ಹುಟ್ಟಿನಿಂದ ಬಂದ ಒಂದು ದೋಷವಿದೆ. ಇದನ್ನು ಘಟ್ಟದ ದಾರಿಯ ನಡಿಗೆಗೆ ಹೋಲಿಸಬಹುದು. ಎಲ್ಲೆಡೆಯಲ್ಲಿಯೂ ಒಂದೇ ಅಳತೆಯ ಹೆಜ್ಜೆಯನ್ನು ಇಡಬೇಕೆಂಬ ಕಟ್ಟಳೆಯಿದ್ದರೆ, ಚಿಕ್ಕ ಹೆಜ್ಜೆಯವನು ಕಡಿದಾದ ಏರಿನಲ್ಲಿ ಹಿಂದೆ ಬೀಳುತ್ತಾನೆ. ದೊಡ್ಡ ಹೆಜ್ಜೆಯವನು ಸಮನೆಲದಲ್ಲಿಯೂ ನಿಲ್ಲಲಾರದೆ ಮೇಲೆ ಕೆಳಗೆ ಕುಪ್ಪಳಿಸುತ್ತಾನೆ. ಮೊದಲನೆಯದರಿಂದ ಜೋರಾದ ಧ್ವನಿಯು ಮೊಂಡಾಗುತ್ತದೆ. ಎರಡನೆಯದರಿಂದ ಮೌನದಲ್ಲಿ ಸರಸರ ಸದ್ದು ಕೇಳುತ್ತದೆ.

ಇದಕ್ಕೆ ಪರಿಹಾರವನ್ನು ಸೂಚಿಸಿದವರಲ್ಲಿ ಪ್ರಮುಖರು ನುಗ್ಗೇಹಳ್ಳಿ ಸಂಪತ್ ಜಯಂತ್ ಅವರು. ಹೆಸರಿನ ಮೊದಲ ಪದವು ಹಾಸನ ಜಿಲ್ಲೆಯ ಹೊಯ್ಸಳ ದೇವಾಲಯದ ಊರನ್ನು ನೆನಪಿಗೆ ತರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ಸಂಪರ್ಕ ಶಾಸ್ತ್ರವನ್ನು ಅಭ್ಯಾಸಮಾಡಿ ೧೯೭೦ರಲ್ಲಿ ಅಲ್ಲಿಯ ಡಾಕ್ಟರೇಟನ್ನು ಪಡೆದ ಇವರು ೧೯೬೮ರಲ್ಲಿಯೇ ಬೆಲ್ ಪ್ರಯೋಗಾಲಯವನ್ನು ಸೇರಿದ್ದರು. ೧೯೭೦ರಲ್ಲಿ ಅವರು ಪ್ರಕಟಿಸಿದ ಲೇಖನದ ಸಾರವನ್ನು ಎರಡು ವಾಕ್ಯಗಳಲ್ಲಿ ಹೇಳಬಹುದು. ಈಗಿನ ಬಿಟ್ಟೂ ಹಿಂದಿನ ಬಿಟ್ಟೂ ಒಂದೇ ದಿಕ್ಕನ್ನು ತೋರಿಸುತ್ತಿದ್ದರೆ ಹೆಜ್ಜೆಯನ್ನು ಹಿಗ್ಗಿಸಬೇಕು. ಬೇರೆ ಬೇರೆ ದಿಕ್ಕನ್ನು ತೋರಿಸುತ್ತಿದ್ದರೆ ಕುಗ್ಗಿಸಬೇಕು. ಹಿಂದಿನ ಒಂದೇ ಒಂದು ಬಿಟ್ಟಿನ ನೆನಪು ಸಾಕು. ಹೆಜ್ಜೆಯ ಅಳತೆಯನ್ನು ಬೇರೆಯಾಗಿ ಕಳುಹಿಸಬೇಕಾಗಿಲ್ಲ, ಏಕೆಂದರೆ ಕೇಳುವ ಕಡೆಯ ಯಂತ್ರವೂ ಅದೇ ನಿಯಮದಿಂದ ಅದನ್ನು ತಾನೇ ಕಂಡುಕೊಳ್ಳುತ್ತದೆ. ೧೯೭೩ರಲ್ಲಿ ಕಮಿಸ್ಕಿ ಮತ್ತು ಫ್ಲಾನಗನ್ ಅವರೊಡನೆ ಸೇರಿ ಜಯಂತ್ ಅವರು ಈ ತತ್ತ್ವವನ್ನು ಹಲವು ಬಿಟ್‌ಗಳ ವ್ಯತ್ಯಾಸಕ್ರಮಕ್ಕೆ ವಿಸ್ತರಿಸಿದರು. ಇದೇ ಎ.ಡಿ.ಪಿ.ಸಿ.ಎಂ. ಎಂದು ಪ್ರಸಿದ್ಧವಾದ ವಿಧಾನ. ೧೯೮೪ರಲ್ಲಿ ಈ ಜಾತಿಯ ವಿಧಾನವೊಂದು ೩೨,೦೦೦ ಬಿಟ್‌ಗಳ ಅಂತರರಾಷ್ಟ್ರೀಯ ದೂರವಾಣಿ ಪ್ರಮಾಣವಾಯಿತು.

ಆಟಗಳಿಗೆ ಇದು ಎರಡು ದಾರಿಯಿಂದ ಬಂದಿತು. ೧೯೯೦ರ ಸೂಪರ್ ಫ್ಯಾಮಿಕಾಂ ಯಂತ್ರವು ೧೬ ಅಳತೆಗಳನ್ನು ೯ ಬೈಟ್‌ಗಳಲ್ಲಿ ಅಡಗಿಸುವ, ಇದೇ ಕುಲದ ಒಂದು ಕ್ರಮವನ್ನು ತನ್ನೊಳಗೇ ಹೊಂದಿತ್ತು. ೧೯೯೨ರಲ್ಲಿ ಇಂಟರ್ಯಾಕ್ಟಿವ್ ಮಲ್ಟಿಮೀಡಿಯಾ ಅಸೋಸಿಯೇಷನ್ ಎಂಬ ಸಂಘವು ಮನೆಯ ಕಂಪ್ಯೂಟರುಗಳಿಗಾಗಿ ೧೬ ಬಿಟ್‌ಗಳ ಅಳತೆಯನ್ನು ೪ ಬಿಟ್‌ಗಳಿಗೆ ಇಳಿಸುವ ಕ್ರಮವನ್ನು ಗೊತ್ತುಮಾಡಿತು. ಅದರಲ್ಲಿ ಹೆಜ್ಜೆಗಳ ಅಳತೆಯನ್ನು ಹೇಳುವ ೮೯ ಅಂಕಿಗಳ ಒಂದು ಪಟ್ಟಿಯಿದೆ. ವ್ಯತ್ಯಾಸವು ಸಣ್ಣದಾದಾಗ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಬೇಕು, ದೊಡ್ಡದಾದಾಗ ಎರಡರಿಂದ ಎಂಟು ಮೆಟ್ಟಿಲು ಮೇಲೇರಬೇಕು. ಹಿಗ್ಗಿಸುವ ಕುಗ್ಗಿಸುವ ಹಳೆಯ ತತ್ತ್ವವೇ ಇಲ್ಲಿ ಪಟ್ಟಿಯ ರೂಪವನ್ನು ತಾಳಿದೆ. ಗುಣಾಕಾರವೂ ಹೆಚ್ಚಾಗಿ ಬೇಡದ ಈ ಕ್ರಮವನ್ನು ವಿದ್ಯಾರ್ಥಿಯೊಬ್ಬನು ಒಂದು ಸಂಜೆಯಲ್ಲಿ ತಾನೇ ಬರೆದುಕೊಳ್ಳಬಹುದು. ಕೋಟೆಯ ಬಾಗಿಲಿನ ಕಿರುಗುಟ್ಟಿಗೂ ಚಂಡೆಯ ಪೆಟ್ಟಿಗೂ ಈ ಮಾರ್ಗವು ಒಗ್ಗುತ್ತದೆ. ಮಳೆಗೆ ಮಾತ್ರ ಅಷ್ಟಾಗಿ ಒಗ್ಗುವುದಿಲ್ಲ. ಮಳೆಯಲ್ಲಿ ಒಂದು ಅಳತೆಗೂ ಮುಂದಿನದಕ್ಕೂ ಸಂಬಂಧವು ಅತ್ಯಲ್ಪವಾದುದರಿಂದ ವ್ಯತ್ಯಾಸವನ್ನು ಬರೆದು ಉಳಿಸುವುದು ಹೆಚ್ಚೇನೂ ಇರುವುದಿಲ್ಲ.

೩. ಊಹೆಯ ಮಾರ್ಗ

ಎರಡನೆಯ ಮಾರ್ಗವು ಮಾತಿಗೆ ಮೀಸಲಾದುದು. ಮನುಷ್ಯನ ಗಂಟಲು, ಬಾಯಿಗಳ ಆಕಾರವು ಮಾತಿನ ನಡುವೆ ನಿಧಾನವಾಗಿ ಬದಲಾಗುತ್ತದೆ. ಆ ಆಕಾರವನ್ನು ಕೆಲವೇ ಅಂಕಿಗಳಿಂದ ವರ್ಣಿಸಿದರೆ ಧ್ವನಿಯ ಮುಂದಿನ ಅಳತೆಯನ್ನು ಹಿಂದಿನ ಹತ್ತಾರು ಅಳತೆಗಳಿಂದ ಊಹಿಸಬಹುದು. ಜಪಾನಿನಲ್ಲಿ ಇಟಾಕುರ ಮತ್ತು ಸೈಟೊ, ಅಮೆರಿಕೆಯಲ್ಲಿ ಬಿಷ್ಣು ಅಟಲ್ ಮತ್ತು ಮಾನ್‌ಫ್ರೆಡ್ ಶ್ರೋಡರ್ ೧೯೬೦ರ ದಶಕದ ಉತ್ತರಾರ್ಧದಲ್ಲಿ ಬೇರೆ ಬೇರೆಯಾಗಿ ಈ ಮಾರ್ಗವನ್ನು ಹಿಡಿದರು. ಇವರಲ್ಲಿ ಅಟಲ್ ಅವರು ಲಖನೌ ವಿಶ್ವವಿದ್ಯಾನಿಲಯದ ಪದವೀಧರರು. ೧೯೫೫ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಡಿಪ್ಲೊಮಾ ಪಡೆದು, ೧೯೫೭ರಿಂದ ೧೯೬೦ರವರೆಗೆ ಅದೇ ಸಂಸ್ಥೆಯ ವಿದ್ಯುತ್ಸಂಪರ್ಕ ವಿಭಾಗದಲ್ಲಿ ಧ್ವನಿಶಾಸ್ತ್ರದ ಅಧ್ಯಾಪಕರಾಗಿದ್ದು, ೧೯೬೧ರಲ್ಲಿ ಬೆಲ್ ಪ್ರಯೋಗಾಲಯವನ್ನು ಸೇರಿದರು.

೧೯೭೮ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಹೊರತಂದ ಸ್ಪೀಕ್ ಅಂಡ್ ಸ್ಪೆಲ್ ಎಂಬ ಆಟಿಕೆಯು ಈ ವಿದ್ಯೆಯನ್ನು ಒಂದು ಚಿಪ್ಪಿನಲ್ಲಿ ಅಡಗಿಸಿ ಮಕ್ಕಳಿಗೆ ಕಾಗುಣಿತವನ್ನು ಕಲಿಸಿತು. ಅದೇ ಕುಲದ ಚಿಪ್ಪನ್ನು ಇಂಗ್ಲೆಂಡಿನ ಬಿ.ಬಿ.ಸಿ. ಮೈಕ್ರೊ ಕಂಪ್ಯೂಟರಿಗೆ ಬೇಕೆಂದವರು ಜೋಡಿಸಿಕೊಳ್ಳಬಹುದಾಗಿತ್ತು. ಭಾರತ ಸರ್ಕಾರವು ೧೯೮೪-೮೫ರಲ್ಲಿ ಕ್ಲಾಸ್ ಎಂಬ ಯೋಜನೆಯನ್ನು ಆರಂಭಿಸಿ ಶಾಲೆಗಳಿಗೆ ಹಂಚಿದುದು ಈ ಬಿ.ಬಿ.ಸಿ. ಮೈಕ್ರೊ ಯಂತ್ರವನ್ನೇ. ನಮ್ಮ ವಿದ್ಯಾರ್ಥಿಯ ಆಟದಲ್ಲಿ ಕಾವಲುಗಾರನ ಮಾತಿಗೆ ಈ ಮಾರ್ಗವು ಯೋಗ್ಯವಾದುದು. ಗಂಟಲಿನ ಆಕಾರವನ್ನೇ ಆಧಾರವಾಗಿ ಉಳ್ಳದ್ದರಿಂದ ಇದು ಚಂಡೆಗಾಗಲಿ ಮಳೆಗಾಗಲಿ ಸಲ್ಲದು.

೪. ರೂಪಾಂತರದ ಮಾರ್ಗ

ಮೂರನೆಯ ಮಾರ್ಗವು ಇಂದು ಸರ್ವತ್ರ ಪ್ರಚಲಿತವಾಗಿದೆ. ಅದರ ಮೂಲಪುರುಷರಲ್ಲಿ ಅಗ್ರಗಣ್ಯರಾದ ನಾಸಿರ್ ಅಹ್ಮದ್ ಅವರು ೧೯೪೦ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಈಗ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ, ೧೯೧೭ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಿಂದ ೧೯೬೧ರಲ್ಲಿ ಪದವಿಯನ್ನು ಪಡೆದರು. ೧೯೬೬ರಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾನಿಲಯದ ಡಾಕ್ಟರೇಟನ್ನು ಗಳಿಸಿ, ೧೯೬೮ರಿಂದ ಕ್ಯಾನ್ಸಾಸ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದರು. ಅಳತೆಗಳ ಒಂದು ಸಾಲನ್ನು ಕೊಸೈನ್ ಅಲೆಗಳ ಮೊತ್ತವಾಗಿ ಮಾರ್ಪಡಿಸಿದರೆ ಅದರ ಸತ್ತ್ವವೆಲ್ಲ ಕೆಲವೇ ಅಂಕಿಗಳಲ್ಲಿ ಸಂಗ್ರಹವಾಗುವುದೆಂದು ಅವರಿಗೆ ತೋರಿತು. ಇದರ ಸಂಶೋಧನೆಗೆ ಧನಸಹಾಯವನ್ನು ಕೋರಿ ೧೯೭೨ರಲ್ಲಿ ಅಮೆರಿಕೆಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಸಲ್ಲಿಸಿದ ಮನವಿಯು ತಿರಸ್ಕೃತವಾಯಿತು. ಅದಕ್ಕೆ ಎದೆಗುಂದದೆ ಅವರು ೧೯೭೩ರ ಬೇಸಗೆಯನ್ನು ಈ ಕೆಲಸಕ್ಕೇ ಮುಡಿಪಾಗಿಟ್ಟರು. ಶಿಷ್ಯರಾದ ಟಿ. ನಟರಾಜನ್ ಮತ್ತು ಸ್ನೇಹಿತರಾದ ಕೆ. ಆರ್. ರಾವ್ ಅವರೊಡನೆ ಬರೆದ ನಾಲ್ಕು ಪುಟಗಳ ಲೇಖನವು ೧೯೭೪ರ ಜನವರಿಯಲ್ಲಿ ಪ್ರಕಟವಾಯಿತು. ವಾಚಕರು ಗಮನಿಸಬೇಕಾದುದೇನೆಂದರೆ, ಜಗತ್ತಿನ ಛಾಯಾಚಿತ್ರ, ಚಲಚ್ಚಿತ್ರ, ಸಂಗೀತಗಳ ವಿನಿಮಯಕ್ಕೆ ಆಧಾರವಾದ ಡಿ.ಸಿ.ಟಿ. ಎಂಬ ಗಣಿತವು ಇಷ್ಟು ಸಣ್ಣ ಲೇಖನದಲ್ಲಿ, ಧನಸಹಾಯವಿಲ್ಲದೆ ಬೆಳಕು ಕಂಡಿತು.

ಈ ಗಣಿತವು ಧ್ವನಿಗೆ ಒಗ್ಗುವಂತಾದುದು ೧೯೮೭ರಲ್ಲಿ. ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಬೆಸುಗೆಯ ಸದ್ದು ಕೇಳದಂತೆ ತುಂಡುಗಳನ್ನು ಒಂದರಮೇಲೊಂದು ಚಾಚಿಸುವ ಕ್ರಮವನ್ನು ಪ್ರಿನ್ಸೆನ್, ಜಾನ್ಸನ್, ಬ್ರ್ಯಾಡ್ಲಿ ಎಂಬವರು ಅಳವಡಿಸಿದರು. ಇದರೊಡನೆ ಕಿವಿಯ ಸ್ವಭಾವದ ಜ್ಞಾನವೂ ಕೂಡಿತು: ಜೋರಾದ ಸ್ವರದ ಸಮೀಪದಲ್ಲಿರುವ ಮಂದಸ್ವರವು ಕಿವಿಗೆ ಕೇಳಿಸದು, ಕೇಳಿಸದುದನ್ನು ಬರೆಯಬೇಕಾಗಿಲ್ಲ. ಜಯಂತ್ ಅವರು ತಮ್ಮ ಸಹೋದ್ಯೋಗಿಗಳೊಡನೆ ೧೯೯೩ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಇಂದ್ರಿಯಜ್ಞಾನವನ್ನು ಆಧರಿಸಿದ ಈ ಸಂಕೋಚನವನ್ನೇ ಕುರಿತದ್ದು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯು ರೂಪಿಸಿದ ವಿಧಾನಕ್ಕೆ ೧೯೯೫ರಲ್ಲಿ ಎಂಪಿ೩ ಎಂಬ ಹೆಸರು ಬಿದ್ದಿತು. ೧೯೯೮ರಲ್ಲಿ ಆ ಸಂಸ್ಥೆಯು ಪರವಾನಗಿ ಶುಲ್ಕದ ವಿಷಯವನ್ನೆತ್ತಿದಾಗ, ಕ್ರಿಸ್ ಮಾಂಟ್‌ಗೊಮೆರಿ ಎಂಬುವನು ಶುಲ್ಕವಿಲ್ಲದ ಆಗ್ ವೋರ್ಬಿಸ್ ಎಂಬುದನ್ನು ರಚಿಸಲು ತೊಡಗಿ ೨೦೦೨ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದನು. ಮನೆಯಲ್ಲಿ ಆಟ ರಚಿಸುವವರು ಇದನ್ನು ಆದರದಿಂದ ಸ್ವೀಕರಿಸಿದರು. ಎಂಪಿ೩ರ ಪರವಾನಗಿ ವ್ಯವಸ್ಥೆಯೂ ೨೦೧೭ರಲ್ಲಿ ಕೊನೆಗೊಂಡಿತು.

ಮಳೆಗೆ ಈ ಮಾರ್ಗವೇ ಉತ್ತಮ. ಹನಿಹನಿಯ ನಿಖರವಾದ ಆಕಾರವನ್ನು ಕಿವಿಯು ಕೇಳುವುದಿಲ್ಲ. ಒಟ್ಟು ಗದ್ದಲದ ಬಣ್ಣವನ್ನು ಮಾತ್ರ ಕೇಳುತ್ತದೆ. ಆದರೆ ಮಳೆಯು ಕೊನೆಯಿಂದ ಮೊದಲಿಗೆ ಹಿಂದಿರುಗಿ ನಿರಂತರವಾಗಿ ಸುರಿಯಬೇಕಾದಾಗ ಎಂಪಿ೩ರಲ್ಲಿ ಒಂದು ತೊಂದರೆಯಿದೆ. ಅದು ಧ್ವನಿಯನ್ನು ೧,೧೫೨ ಅಳತೆಗಳ ಕಟ್ಟುಗಳಾಗಿ ಕಟ್ಟುವುದರಿಂದ ಮೊದಲಲ್ಲಿಯೂ ಕೊನೆಯಲ್ಲಿಯೂ ಮೌನದ ಒಂದು ತೇಪೆ ಸೇರಿಕೊಳ್ಳುತ್ತದೆ. ಸುತ್ತು ಮುಗಿದಾಗಲೆಲ್ಲ ಮಳೆಯು ಒಂದು ಕ್ಷಣ ನಿಂತಂತಾಗುತ್ತದೆ. ವೋರ್ಬಿಸ್ಸಿನಲ್ಲಿ ಧ್ವನಿಯ ನಿಜವಾದ ಉದ್ದವು ದಾಖಲಾಗಿರುವುದರಿಂದ ಈ ತೊಂದರೆಯಿಲ್ಲ.

ಚಂಡೆಯ ವಿಷಯ ಬೇರೆ. ಮೌನವನ್ನು ಸೀಳಿಕೊಂಡು ಹೊಮ್ಮುವ ಪೆಟ್ಟು ಒಂದು ತುಂಡಿನ ನಡುವೆ ಬಿದ್ದರೆ, ರೂಪಾಂತರದಲ್ಲಿ ಉಂಟಾದ ದೋಷವು ಇಡೀ ತುಂಡಿಗೆ ಹರಡಿ, ಪೆಟ್ಟಿಗಿಂತ ಮೊದಲೇ ಒಂದು ಮಸುಕಾದ ಸದ್ದು ಕೇಳಿಸುತ್ತದೆ. ಶಾಸ್ತ್ರಜ್ಞರು ಇದನ್ನು ಪೂರ್ವಪ್ರತಿಧ್ವನಿಯೆನ್ನುತ್ತಾರೆ. ತುಂಡನ್ನು ಕಿರಿದುಗೊಳಿಸಿ ಇದನ್ನು ತಗ್ಗಿಸುವ ಉಪಾಯಗಳಿದ್ದರೂ ಮಿತವ್ಯಯದಲ್ಲಿ ಅದು ಪೂರ್ಣವಾಗಿ ಅಳಿಯುವುದಿಲ್ಲ. ಅರ್ಧ ಸೆಕೆಂಡಿನ ಚಂಡೆಯನ್ನು ಸಂಕೋಚಿಸದೆಯೇ ಇಡುವುದು, ಇಲ್ಲವೆ ವ್ಯತ್ಯಾಸದ ಮಾರ್ಗದಲ್ಲಿ ಇಡುವುದು ವಿವೇಕ. ಹೀಗೆ ಒಂದೇ ಆಟದ ನಾಲ್ಕು ಧ್ವನಿಗಳು ಮೂರು ಬೇರೆ ಬೇರೆ ಇತಿಹಾಸಗಳನ್ನು ಬೇಡುತ್ತವೆ.

೫. ಬೆಂಗಳೂರಿನ ಪಾಲು

ಮೇಲ್ಕಂಡ ನಿರೂಪಣೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವ್ಯತ್ಯಾಸದ ಮಾರ್ಗದಲ್ಲಿ ಜಯಂತ್, ಊಹೆಯ ಮಾರ್ಗದಲ್ಲಿ ಅಟಲ್, ರೂಪಾಂತರದ ಮಾರ್ಗದಲ್ಲಿ ಅಹ್ಮದ್. ಈ ಮೂವರೂ ಹದಿನೈದು ವರ್ಷಗಳ ಅವಧಿಯಲ್ಲಿ ಒಂದೇ ನಗರದ ಎರಡು ಸಂಸ್ಥೆಗಳಿಂದ ಹೊರಟವರು. ಇದನ್ನು ಕೇವಲ ಆಕಸ್ಮಿಕವೆನ್ನಬಹುದೆ? ಇಲ್ಲವೆ ಬೆಂಗಳೂರೇ ಧ್ವನಿಸಂಕೋಚನದ ತವರೆಂದು ಹೇಳಬಹುದೆ? ಎರಡು ಮಾತೂ ಪ್ರಮಾಣಕ್ಕೆ ನಿಲ್ಲುವುದಿಲ್ಲ.

ಎರಡನೆಯದನ್ನು ಮೊದಲು ಪರಿಶೀಲಿಸೋಣ. ಮೂರು ಶೋಧಗಳಲ್ಲಿ ಒಂದೂ ಬೆಂಗಳೂರಿನಲ್ಲಿ ನಡೆಯಲಿಲ್ಲ. ಎರಡು ಬೆಲ್ ಪ್ರಯೋಗಾಲಯದಲ್ಲಿಯೂ ಒಂದು ಕ್ಯಾನ್ಸಾಸಿನಲ್ಲಿಯೂ ನಡೆದುವು. ಬೆಲ್ ಸಂಸ್ಥೆಗೆ ತಂತಿಯ ಒಂದೊಂದು ಬಿಟ್ಟೂ ಹಣವಾಗಿತ್ತು. ಪ್ರಯೋಗಕ್ಕೆ ಬೇಕಾದ ಕಂಪ್ಯೂಟರುಗಳೂ ಅಲ್ಲಿದ್ದುವು. ಅಟಲ್ ಅವರು ಹುಟ್ಟಿದುದೂ ಮೊದಲು ಕಲಿತುದೂ ಉತ್ತರ ಭಾರತದಲ್ಲಿ. ಕಟ್ಲರ್, ಡಿ ಯಾಗರ್, ಇಟಾಕುರ, ಪ್ರಿನ್ಸೆನ್ ಮೊದಲಾದವರನ್ನು ಬಿಟ್ಟು ಈ ಇತಿಹಾಸವನ್ನು ಬರೆಯುವುದು ಸಾಧ್ಯವೇ ಇಲ್ಲ. ಆದುದರಿಂದ ಶೋಧದ ಕೀರ್ತಿಯನ್ನು ಸ್ಥಳಕ್ಕೆ ಆರೋಪಿಸುವುದು ಸಲ್ಲದು.

ಆದರೆ ಆಕಸ್ಮಿಕವೆಂದು ತಳ್ಳಿಹಾಕುವುದೂ ಸರಿಯಲ್ಲ. ಧ್ವನಿಯನ್ನು ಶಾಸ್ತ್ರವಾಗಿ ನೋಡುವ ಪರಿಪಾಠವು ಬೆಂಗಳೂರಿಗೆ ಹೊಸದಾಗಿರಲಿಲ್ಲ. ಸಿ. ವಿ. ರಾಮನ್ ಅವರು ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಕಾಲದಲ್ಲಿಯೇ, ೧೯೩೪ರಲ್ಲಿ, ಭಾರತೀಯ ಚರ್ಮವಾದ್ಯಗಳ ಸ್ವರಗಳನ್ನು ಕುರಿತು ತಮ್ಮ ಪ್ರಸಿದ್ಧ ಲೇಖನವನ್ನು ಬರೆದರು. ಅಲ್ಲಿಯ ವಿದ್ಯುತ್ಸಂಪರ್ಕ ವಿಭಾಗದಲ್ಲಿ ಧ್ವನಿಶಾಸ್ತ್ರಕ್ಕೆಂದೇ ಅಧ್ಯಾಪಕರಿದ್ದರೆಂಬುದಕ್ಕೆ ಅಟಲ್ ಅವರ ಮೂರು ವರ್ಷಗಳ ಅಧ್ಯಾಪನವೇ ಸಾಕ್ಷಿ. ಹೀಗಿರಲು, ಬೆಂಗಳೂರಿನ ಪಾಲು ಶಿಕ್ಷಣದ ಪಾಲು ಎಂದು ನಿರ್ಣಯಿಸುವುದು ನ್ಯಾಯ. ಪ್ರಶ್ನೆಯನ್ನು ಕೇಳಬಲ್ಲವರನ್ನು ನಮ್ಮ ಸಂಸ್ಥೆಗಳು ಸಿದ್ಧಪಡಿಸಿದುವು. ಉತ್ತರವನ್ನು ಹುಡುಕಲು ಬೇಕಾದ ಯಂತ್ರವೂ ಅಗತ್ಯವೂ ಬೇರೆಡೆ ಇದ್ದುವು. ಇದು ಸಣ್ಣ ಪಾಲಲ್ಲ. ಈ ಮೂವರ ಹೆಸರು ನಮ್ಮ ಪಠ್ಯಗಳಲ್ಲಿ ಇಷ್ಟೇ ಅಳತೆಯಲ್ಲಿ, ಆದರೆ ತಪ್ಪದೆ, ಬರಬೇಕಾಗಿದೆ.

೬. ಮೂಲಪ್ರತಿಯ ಪ್ರಶ್ನೆ

ಇತಿಹಾಸದ ವಿದ್ಯಾರ್ಥಿಗೆ ಧ್ವನಿಸಂಕೋಚನವು ಮತ್ತೊಂದು ಕಾರಣದಿಂದಲೂ ಮುಖ್ಯವಾದುದು. ಕಿವಿಗೆ ಕೇಳಿಸದೆಂದು ಒಮ್ಮೆ ಬಿಟ್ಟುದನ್ನು ಮರಳಿ ಪಡೆಯುವಂತಿಲ್ಲ. ಸಂಕೋಚಿತ ಪ್ರತಿಯನ್ನು ತಿದ್ದಿ ಮತ್ತೆ ಸಂಕೋಚಿಸಿದರೆ ದೋಷದ ಮೇಲೆ ದೋಷ ಸೇರುತ್ತದೆ. ಓಲೆಗರಿಯ ಪ್ರತಿಯಿಂದ ಪ್ರತಿಯನ್ನು ಮಾಡುವಾಗ ಲಿಪಿಕಾರರ ತಪ್ಪುಗಳು ಕೂಡುತ್ತ ಹೋದುದು ಇದೇ ರೀತಿಯಲ್ಲಿ. ಸಾಗರ, ನಗರ, ತೀರ್ಥಹಳ್ಳಿಗಳ ಶಾಸನಗಳನ್ನು ರೈಸ್ ಸಾಹೇಬನು ೧೯೦೪ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಅಚ್ಚುಹಾಕಿಸಿದನು. ಅವನ ಓದಿನಲ್ಲಿ ಸಂದೇಹ ಬಂದಾಗ ವಿದ್ವಾಂಸರು ಕಲ್ಲಿನ ಬಳಿಗೆ ಹಿಂದಿರುಗಬಹುದು, ಏಕೆಂದರೆ ಕಲ್ಲು ಉಳಿದಿರುವಲ್ಲಿ ಓದು ಮತ್ತೊಮ್ಮೆ ಸಾಧ್ಯ. ಧ್ವನಿಗೆ ಕಲ್ಲಿಲ್ಲ. ಮೊದಲ ದಾಖಲೆಯೇ ಅದರ ಕಲ್ಲು.

೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾಗಿ ಶರಾವತಿಯ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳನ್ನು ಮುಳುಗಿಸಿದಾಗ, ಹೊಲಗದ್ದೆಗಳ ಲೆಕ್ಕವು ಸರ್ಕಾರದ ಕಡತಗಳಲ್ಲಿ ಉಳಿಯಿತು. ಆ ಊರುಗಳ ಸಂತೆಯ ಗಲಭೆ, ಹೊಳೆದಂಡೆಯ ಕೂಗು, ದನಗಳ ಕೊರಳ ಗಂಟೆಗಳು ಕಡತಕ್ಕೆ ಸೇರುವ ವಸ್ತುಗಳಾಗಿರಲಿಲ್ಲ. ಇಂದು ಹೊಸನಗರದ ವಿದ್ಯಾರ್ಥಿಯು ತನ್ನ ಆಟಕ್ಕೆಂದು ಮಳೆಯನ್ನೂ ಚಂಡೆಯನ್ನೂ ಬಾಗಿಲ ಕಿರುಗುಟ್ಟನ್ನೂ ದಾಖಲಿಸುವಾಗ, ತಿಳಿಯದೆಯೇ ಅಂಥ ಒಂದು ಕಡತವನ್ನು ತೆರೆಯುತ್ತಿರುತ್ತಾನೆ. ಆಟಕ್ಕೆ ಸಂಕೋಚಿತ ಪ್ರತಿಯು ಸಾಕು. ಮೂಲವನ್ನು ಮಾತ್ರ ಸಂಕೋಚಿಸದೆ, ಅಥವಾ ಫ್ಲ್ಯಾಕ್‌ನಂತಹ, ಏನನ್ನೂ ಕಳೆಯದ ಕ್ರಮದಲ್ಲಿ, ಸ್ಥಳ ಮತ್ತು ದಿನಾಂಕಗಳ ಟಿಪ್ಪಣಿಯೊಡನೆ ಬೇರೆಯಾಗಿ ಇಡಬೇಕು. ಕಾಲೇಜಿನ ಗ್ರಂಥಾಲಯಗಳು ಹಸ್ತಪ್ರತಿಗಳಿಗೆ ಕೊಡುವ ಕಪಾಟಿನಲ್ಲಿ ಇವಕ್ಕೂ ಒಂದು ಸ್ಥಳವನ್ನು ಕೊಡುವುದು ಉಚಿತ. ಅಹ್ಮದ್, ಅಟಲ್, ಜಯಂತ್ ಅವರ ವಿದ್ಯೆಯು ಧ್ವನಿಯನ್ನು ಹಗುರಗೊಳಿಸಿ ದೂರಕ್ಕೆ ಕಳುಹಿಸುವ ದಾರಿಯನ್ನು ಕಲಿಸಿದೆ. ಕಳುಹಿಸಿದ ಮೇಲೆ ಊರಿನಲ್ಲಿ ಏನು ಉಳಿಯಬೇಕೆಂಬುದನ್ನು ನಿಶ್ಚಯಿಸುವ ಹೊಣೆ ಊರಿನವರದು.